ಒಣಗಿದ ಗುಡುಗು

ಗುಡುಗು ಅಂತ ಊರೇ ಕರೆಯುವ ಮನುಷ್ಯ ತನ್ನ ಪ್ರಾಯದಲ್ಲಿ ಎದುರಿಗೆ ನುಗ್ಗಿ ಬಂದ ಗೂಳಿಯೊಂದರ ಹಣೆಗೆ ಎಡಗೈಯಿಂದ ಒಂದೇ ಒಂದು ಗುದ್ದು ಕೊಟ್ಟು ಮಲಗಿಸಿದ್ದ. ಗೂಳಿ ಒಂದು ವಾರ ಜ್ವರದಲ್ಲಿ ನರಳಿ, ಎದ್ದ ಮೇಲೆ ಅವನ ಮನೆ ಮುಂದೆ ಬಂದು ತಲೆ ತಗ್ಗಿಸಿ ನಿಂತು, ಅವನು ‘ಹೋಗಲಿ ಬಿಡು’ ಅಂದ ಮೇಲೆಯೇ ಮೇವಿಗೆ ಬಾಯಿ ಹಾಕಿತು. ಬಲಗೈ ಬಳಸಿದ್ದರೆ ಗೂಳಿಯ ಹಿಂದಿದ್ದ ಗೋಡೆಯೂ ಗೋಡೆಯ ಹಿಂದಿದ್ದ ಪೋಸ್ಟ್ ಆಫೀಸೂ ನೆಲಸಮವಾಗುತ್ತಿದ್ದವು. ಸರ್ಕಾರಿ ಕಟ್ಟಡ ಅಂತ ಮರ್ಯಾದೆ ಕೊಟ್ಟು ಎಡಗೈಯಲ್ಲೇ ಮುಗಿಸಿದ.

ಇದನ್ನು ನಂಬಿದವರು ಯಾರೂ ಇಲ್ಲ. ಹೆಂಡತಿ ನಂಬಲಿಲ್ಲ, ಹೆಂಡತಿಯ ತಮ್ಮ ನಂಬಲಿಲ್ಲ, ಆ ಗೂಳಿ ಎಲ್ಲಾದರೂ ಬದುಕಿದ್ದರೆ ಅದೂ ನಂಬುತ್ತಿರಲಿಲ್ಲ. ಆದರೆ ಅವನು ಹೇಳಲು ಶುರು ಮಾಡಿದರೆ ನಡುವೆ ಎದ್ದು ಹೋದವರೂ ಯಾರೂ ಇಲ್ಲ. ಬಾಕ್ಸಿಂಗ್ ಕಲಿಸುವುದು ಅವನ ಕೆಲಸ. ಕಲಿಸುವ ಜಾಗ ಹಿಂದೆ ಬಸ್ಸು ರಿಪೇರಿ ಮಾಡುತ್ತಿದ್ದ ತಗಡಿನ ಶೆಡ್ಡು. ನೆಲದಲ್ಲಿ ಇಂಗಿದ ಗ್ರೀಸಿನ ಕಲೆಯ ಮೇಲೆ ರಕ್ತದ ಕಲೆ, ಅದರ ಮೇಲೆ ಬೆವರಿನ ಕಲೆ. ಹಗ್ಗಗಳಿಗೆ ಸೈಕಲ್ ಟ್ಯೂಬು ಸುತ್ತಿದ ರಿಂಗು, ಹಳೆ ಬಟ್ಟೆ ತುರುಕಿ ತೂಗುಹಾಕಿದ ಚೀಲಗಳು, ಯಾರದೋ ತಲೆ ತಾಗಿ ಒಡೆದ ಕನ್ನಡಿ. ಅದನ್ನು ಬಾಕ್ಸಿಂಗ್ ಶೆಡ್ಡು ಮಾಡಿದವರು ಮಾವ, ಹೆಂಡತಿಯ ಅಪ್ಪ. ಮಾವ ಹೋದ ಮೇಲೆ ಅವರ ಸೀಟಿ ಅಳಿಯನ ಕೊರಳಿಗೆ ಬಂತು, ಮಗನ ಕೊರಳಿಗೆ ಬರಲಿಲ್ಲ. ಜಗಳದ ಬೇರು ಅಲ್ಲಿದೆ.

ಆ ಮಗನನ್ನು ಎಲ್ಲರೂ ಮೊಳೆ ಅನ್ನುತ್ತಿದ್ದರು. ತೆಳ್ಳಗೆ, ಉದ್ದಕ್ಕೆ, ಕಣ್ಣಿಗೆ ಬೀಳುವುದಕ್ಕಿಂತ ಮುಂಚೆ ಕಾಲಿಗೆ ಚುಚ್ಚುವ ಜಾತಿ. ವ್ಯಾನಿನಲ್ಲಿ ಕುಡಿಯುವ ನೀರಿನ ಕ್ಯಾನುಗಳನ್ನು ಮನೆಮನೆಗೆ ಹಾಕುವುದು ಅವನ ಹೊಟ್ಟೆಪಾಡು. ಸಂಜೆ ಶೆಡ್ಡಿಗೆ ಬಂದು ಒಂದು ಮೂಲೆಯಲ್ಲಿ ಚೀಲಕ್ಕೆ ಗುದ್ದಿಕೊಂಡು ಹೋಗುತ್ತಿದ್ದ. ಒಂದು ಸಂಜೆ, ಶಿಷ್ಯರೆಲ್ಲ ಸೇರಿದ್ದಾಗ, ಭಾವನ ಗುದ್ದು ಈಚೆಗೆ ದಿಂಬಿನ ಹಾಗಿದೆ, ತಲೆ ಇಟ್ಟರೆ ನಿದ್ದೆ ಬರುತ್ತದೆ ಅಂದುಬಿಟ್ಟ. ಎಲ್ಲರೂ ನಕ್ಕರು. ಗುಡುಗಿಗೆ ಅಷ್ಟೇ ಸಾಕಾಯಿತು. ಮುಂದಿನ ಭಾನುವಾರ ಮಧ್ಯಾಹ್ನ ರಿಂಗಿನಲ್ಲಿ ನೋಡಿಕೊಳ್ಳೋಣ, ಸೋತವನು ಶೆಡ್ಡಿನ ಹೊಸ್ತಿಲು ತುಳಿಯಕೂಡದು ಅಂತ ಮಾತಾಯಿತು. ಮೊಳೆ ಒಂದೇ ಷರತ್ತು ಹಾಕಿದ. ಇಬ್ಬರದೂ ಒಂದೇ ತೂಕ ಇರಬೇಕು, ಅಂದರೆ ತನ್ನ ತೂಕಕ್ಕೆ ಭಾವ ಇಳಿಯಬೇಕು. ಗುಡುಗು ಹೊಟ್ಟೆಯನ್ನು ಬೆನ್ನಿಗಂಟುವಷ್ಟು ಒಳಗೆಳೆದುಕೊಂಡು, ತಾನು ಮದುವೆಯ ದಿನ ಇದ್ದ ತೂಕದಲ್ಲೇ ಇದ್ದೇನೆ, ಬೇಕಾದರೆ ಹೆಂಡತಿಯನ್ನು ಕೇಳಿ ಅಂದ. ಹೆಂಡತಿಯನ್ನು ಯಾರಾದರೂ ಕೇಳಿದ್ದರೆ ಅವನ ಮದುವೆಯ ಪ್ಯಾಂಟಿನಲ್ಲಿ ಈಗ ಅವನ ಒಂದು ತೊಡೆ ಹೋಗುವುದಿಲ್ಲ ಅಂತ ಗೊತ್ತಾಗುತ್ತಿತ್ತು.

ಬಾಕ್ಸಿಂಗಿನವರಿಗೆ ಇದಕ್ಕೊಂದು ದಾರಿ ಗೊತ್ತು. ಅದಕ್ಕೆ ಅವರು ಒಣಗಿಸುವುದು ಅನ್ನುತ್ತಾರೆ. ಕೊಬ್ಬು ಕರಗಲು ತಿಂಗಳು ಬೇಕು, ನೀರು ಹೋಗಲು ಎರಡು ದಿನ ಸಾಕು. ಗುಡುಗು ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಅದರ ಮೇಲೆ ಉಣ್ಣೆ ಅಂಗಿ ತೊಟ್ಟು, ಉರಿಬಿಸಿಲಿನಲ್ಲಿ ಓಡಿದ. ಅವನು ಓಡಿದ ರಸ್ತೆಯಲ್ಲಿ ಅವನ ಬೆವರಿಗೆ ಸ್ಕೂಟರುಗಳು ಜಾರಿದವು. ನೀರು ನಿಲ್ಲಿಸಿದ. ಮೂತ್ರ ಹೋಗುವ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ತಂದು ನುಂಗಿದ. ಭುಜದ ಹಳೆಯ ನೋವಿಗೆ ನೋವಿನ ಮಾತ್ರೆಗಳನ್ನು ಕಡಲೆಯ ಹಾಗೆ ಬಾಯಿಗೆಸೆದುಕೊಂಡ. ನೀರಿಲ್ಲದೆ ನುಂಗಿದ ಮಾತ್ರೆ ಗಂಟಲಿನ ಗೋಡೆಯನ್ನು ಕೆರೆದುಕೊಂಡು ಇಳಿಯುತ್ತಿತ್ತು. ಹೆಂಡತಿ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ಯಂತ್ರ ನಡೆಸುವವಳು, ಹಬೆಯಲ್ಲಿ ಬೆಂದು ಮನೆಗೆ ಬಂದವಳು ಹೂಜಿಯ ನೀರು ಯಾಕೆ ಇಳಿದಿಲ್ಲ ಅಂತ ಕೇಳಿದಳು. ಶೆಡ್ಡಿನಲ್ಲಿ ಕುಡಿದೆ ಅಂದ. ಶೆಡ್ಡಿನಲ್ಲಿ ಕೇಳಿದವರಿಗೆ ಮನೆಯಲ್ಲಿ ಕುಡಿದೆ ಅಂದ.

ಭಾನುವಾರ ಬೆಳಗ್ಗೆ ಗುಜರಿ ಅಂಗಡಿಯವನು ಕಬ್ಬಿಣ ತೂಗುವ ಯಂತ್ರವನ್ನು ಕೈಗಾಡಿಯಲ್ಲಿ ತಂದು ಶೆಡ್ಡಿನ ನಡುವೆ ಇಟ್ಟ. ಮಧ್ಯಾಹ್ನದೊಳಗೆ ಇಬ್ಬರೂ ತೂಕ ಕೊಡಬೇಕು, ಕೊಡದವನು ಸೋತ ಹಾಗೆ ಅಂತ ತೀರ್ಪುಗಾರನ ಗತ್ತಿನಲ್ಲಿ ಹೇಳಿದ. ಮೊಳೆ ಅಂಗಿ ಬಿಚ್ಚಿ ಹತ್ತಿ, ಸರಿಯಾಗಿ ಬಂದು, ಇಳಿದ. ಗುಡುಗು ಅಂಗಿ ಬಿಚ್ಚಿದ, ಮಡಚಿದ, ಮತ್ತೆ ಬಿಡಿಸಿ ಮತ್ತೆ ಮಡಚಿದ, ಶಿಷ್ಯರಿಗೆ ಗೂಳಿಯ ಕಥೆ ತೆಗೆದ.

“ಹತ್ತು ಭಾವ,” ಅಂದ ಮೊಳೆ. “ತಕ್ಕಡಿ ಕಚ್ಚಲ್ಲ.”

ತಕ್ಕಡಿಗೆ ಹೆದರುವವನಾ ಗುಡುಗು? ಆದರೆ ಆ ಮಾತಿನಲ್ಲಿ ಮಾವನ ಶೆಡ್ಡಿಗೇ ಒಂದು ಅವಮಾನವಿತ್ತು. ಹೇಗೆ ಇತ್ತು ಅಂತ ಕೇಳಿದರೆ ಬಿಡಿಸಿ ಹೇಳುವುದು ಕಷ್ಟ, ಗುಡುಗಿಗಂತೂ ಹಾಗೆ ಅನ್ನಿಸಿತು. ಶೆಡ್ಡಿನ ಮಾನ ಉಳಿಸಲೆಂದೇ ಅವನು ಬಾಮೈದನ ಮೂಗಿಗೆ ಹಣೆಯಿಂದ ಗುದ್ದಿದ. ಮೂಗು ಒಣ ಕಡ್ಡಿ ಮುರಿದ ಹಾಗೆ ಸದ್ದು ಮಾಡಿತು. ಆ ಸದ್ದಿಗೆ ತಗಡಿನ ಮೇಲಿದ್ದ ಪಾರಿವಾಳಗಳು ಪಕ್ಕದ ಬಡಾವಣೆಗೆ ಹಾರಿಹೋದವು, ಇನ್ನೂ ವಾಪಸು ಬಂದಿಲ್ಲ. ಮೊಳೆ ಹಿಂದಕ್ಕೆ ಬಿದ್ದವನು ಬಿದ್ದ ವೇಗದಲ್ಲೇ ಎದ್ದ. ಎದ್ದವನು ಭಾವನ ಬಾಯಿಗೆ ಕೊಟ್ಟ ಏಟಿಗೆ ಎರಡೂ ತುಟಿ ಸೀಳಿದವು. ಬೆಂಚು ಹಾರಿತು. ಬೆಂಚಿನ ಮೇಲೆ ಕೂತಿದ್ದವರೂ ಹಾರಿದರು. ಗುಡುಗು ಬಾಮೈದನ ಕುತ್ತಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಂಬಕ್ಕೆ ಹಾಯಿಸಿದ, ಬಾಮೈದ ಮೊಣಕಾಲೆತ್ತಿ ಭಾವನ ಪಕ್ಕೆಗೆ ನಾಟಿಸಿದ. ಬಿಡಿಸಲು ಬಂದ ಗುಜರಿಯವನಿಗೆ ಇಬ್ಬರೂ ಒಂದೊಂದು ಕೊಟ್ಟರು. ಅವನು ತನ್ನ ಯಂತ್ರದ ಮೇಲೆಯೇ ಬಿದ್ದ, ಅದರ ಮುಳ್ಳು ಒಂದು ಸುತ್ತು ಪೂರ್ತಿ ತಿರುಗಿತು.

ಆಗ ಗುಡುಗಿನ ಎದೆಗೆ ಒಂದು ಏಟು ಬಿತ್ತು. ಎದುರಿನಿಂದ ಬಿದ್ದದ್ದಲ್ಲ, ಒಳಗಿನಿಂದ. ಪಕ್ಕೆಲುಬುಗಳ ಹಿಂದೆ ಯಾರೋ ಕೂತು ಸುತ್ತಿಗೆ ಬೀಸಿದ ಹಾಗೆ. ಎಡಗೈ ಭುಜದಿಂದ ಬೆರಳಿನವರೆಗೆ ಸತ್ತಿತು. ಅವನು ಮಂಡಿಯೂರಿದ. ಇದು ಭಾವನ ಹಳೆಯ ನಾಟಕ ಅಂದುಕೊಂಡ ಮೊಳೆ ಪಕ್ಕೆಗೆ ಇನ್ನೂ ಒಂದು ಬಿಗಿದ. ಗುಡುಗು ಅದಕ್ಕೆ ಬೈಯಲೂ ಇಲ್ಲ. ಬೈಯದ ಭಾವನನ್ನು ಮೊಳೆ ಹುಟ್ಟಿದಂದಿನಿಂದ ನೋಡಿರಲಿಲ್ಲ. ಬಗ್ಗಿ ಮುಖ ನೋಡಿದ. ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು.

ಆಂಬುಲೆನ್ಸಿಗೆ ಕಾಯದೆ ಮೊಳೆ ಅವನನ್ನು ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ತನ್ನ ವ್ಯಾನಿನ ಹಿಂಭಾಗಕ್ಕೆ ತಳ್ಳಿದ. ಅಲ್ಲಿ ತುಂಬಿದ ನೀರಿನ ಕ್ಯಾನುಗಳು. ಆ ದಾರಿಯನ್ನು ಗುಡುಗು ಎಂದೆಂದಿಗೂ ಮರೆಯಲಾರ. ಎರಡು ದಿನ ನಾಲಿಗೆ ಒದ್ದೆ ಮಾಡದವನ ಸುತ್ತ ಒಂದು ಕೆರೆಯಷ್ಟು ನೀರು ಗುಳುಗುಳು ಅನ್ನುತ್ತಿತ್ತು. ಪ್ರತಿ ತಿರುವಿನಲ್ಲಿ ಒಂದು ಕ್ಯಾನು ಉರುಳಿ ಬಂದು ತಲೆಗೆ ಬಡಿಯಿತು, ಇನ್ನೊಂದು ಹೊಟ್ಟೆಯ ಮೇಲೆ ಕೂತಿತು, ಬ್ರೇಕು ಹಾಕಿದಾಗ ಸಾಲಿಗೆ ಸಾಲೇ ಅವನ ಮೇಲೆ ನುಗ್ಗಿತು. ಕೆಂಪು ದೀಪ ಬಿದ್ದ ಕಡೆ ಮೊಳೆ ಹಿಂದಕ್ಕೆ ಕೈ ಚಾಚಿ, ಒಂದು ಬಾಟಲಿ ತುಟಿಗೆ ಹಿಡಿದ. ಗುಡುಗು ಮುಖ ತಿರುಗಿಸಿದ. ಇನ್ನೂ ತೂಕ ಕೊಟ್ಟಿಲ್ಲ. ಮಧ್ಯಾಹ್ನದವರೆಗೆ ಸಮಯವಿದೆ. ಒಂದು ಗುಟುಕು ಅಂದರೆ ಒಂದು ಗುಟುಕಿನ ತೂಕ. ಸಾಯುವವನಿಗೆ ಹೊಳೆಯಬಾರದ ಲೆಕ್ಕ, ಅವನಿಗೆ ಹೊಳೆಯಿತು.

ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಬಿಳಿ ಬೆಳಕು, ಸ್ಪಿರಿಟ್ಟಿನ ವಾಸನೆ, ಪರದೆಯ ಆಚೆ ಯಾರದೋ ನರಳಾಟ. ಬರಿ ಎದೆಗೆ ತಂತಿ ಅಂಟಿಸಿದರು, ಯಂತ್ರದಿಂದ ಕಾಗದ ಉದ್ದಕ್ಕೆ ಹರಿದು ಬಂತು. ಅದನ್ನು ಹಿಡಿದು ನೋಡಿದ ಡಾಕ್ಟರಮ್ಮ ಅವನ ಭುಜಕ್ಕೆ ಬರುವಷ್ಟೂ ಎತ್ತರವಿರಲಿಲ್ಲ, ಆದರೆ ಅವಳು ಮಾತಾಡಿದರೆ ಕೋಣೆಯಲ್ಲಿದ್ದ ಎಲ್ಲರ ಬೆನ್ನೂ ನೆಟ್ಟಗಾಗುತ್ತಿತ್ತು. ಹೃದಯಕ್ಕೆ ರಕ್ತ ಕೊಡುವ ದೊಡ್ಡ ನಾಳ ಮುಚ್ಚಿದೆ, ಈಗಲೇ ಒಳಗೆ ಹೋಗಿ ಅದನ್ನು ತೆರೆಯಬೇಕು, ತಡ ಮಾಡಿದಷ್ಟೂ ಹೃದಯದ ಮಾಂಸ ಸಾಯುತ್ತದೆ ಅಂತ ಎರಡೇ ಮಾತಿನಲ್ಲಿ ಮುಗಿಸಿದಳು.

ಆಮೇಲೆ ಕುರ್ಚಿ ಎಳೆದುಕೊಂಡು ಅವನ ಕಿವಿಯ ಹತ್ತಿರ ಬಂದಳು. “ನಾಳ ಕಾಣ್ಬೇಕು ಅಂದ್ರೆ ಡೈ ಅಂತ ಒಂದು ಔಷಧಿ ಬಿಡ್ತೀನಿ. ಅದು ಹೊರಗೆ ಹೋಗೋದು ಕಿಡ್ನಿ ಮೂಲಕ. ಮೈಯಲ್ಲಿ ನೀರಿದ್ರೆ ತೊಳ್ಕೊಂಡು ಹೋಗುತ್ತೆ. ಒಣಗಿದ್ರೆ ಅಲ್ಲೇ ಕೂತು ಕಿಡ್ನಿ ಕೆಡಿಸುತ್ತೆ. ಹಾಗಂತ ಸುಮ್ನೆ ಬಾಟಲಿ ಮೇಲೆ ಬಾಟಲಿ ಸಲೈನ್ ಸುರಿದ್ರೆ, ಸೋತಿರೋ ಹೃದಯ ಆ ನೀರಲ್ಲಿ ಮುಳುಗುತ್ತೆ. ರಕ್ತದ ರಿಪೋರ್ಟ್ ಬರೋವರೆಗೆ ಕಾಯೋಕೆ ನಿಮ್ಮ ಹೃದಯ ಬಿಡಲ್ಲ. ಅದಕ್ಕೆ ಈಗ ನೀವೇ ನನ್ನ ರಿಪೋರ್ಟು. ನೀರು ಯಾವಾಗ ಕುಡಿದ್ರಿ? ಏನಾದ್ರೂ ಮಾತ್ರೆ ತಗೋತೀರಾ?”

ಕಿಡ್ನಿ ಅಂದ ಕೂಡಲೇ ಗುಡುಗಿಗೆ ಮಾವ ಕಣ್ಣಿಗೆ ಬಂದರು. ತನಗೂ ಮೊಳೆಗೂ ಮುಷ್ಟಿ ಕಟ್ಟುವುದನ್ನು ಕಲಿಸಿದ ಮನುಷ್ಯ. ಒಣಗಿಸುವುದನ್ನು ಕಲಿಸಿದವರೂ ಅವರೇ. ಒಂದು ಪಂದ್ಯವನ್ನೂ ಬಿಡದೆ ವರ್ಷವರ್ಷವೂ ಮೈ ಹಿಂಡಿ ಹಿಂಡಿ, ಕೊನೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವ ಹಾಗಾದರು. ಕೈಯ ರಕ್ತನಾಳ ಹಗ್ಗದಷ್ಟು ದಪ್ಪ ಊದಿಕೊಂಡಿತ್ತು. ದಿನಕ್ಕೆ ಇಷ್ಟೇ ನೀರು ಅಂತ ಲೋಟಕ್ಕೆ ಎಳೆದ ಗೆರೆಯ ಮೇಲೆ ಒಂದು ಹನಿ ಹೆಚ್ಚಾದರೆ ಉಸಿರು ಕಟ್ಟುತ್ತಿತ್ತು. ಚೀಲಕ್ಕೆ ಗುದ್ದಿದರೆ ಚೀಲ ಹರಿಯುತ್ತಿದ್ದ ಮನುಷ್ಯ ಸೊಳ್ಳೆ ಓಡಿಸಲು ಅಳಿಯನನ್ನು ಕರೆಯುತ್ತಿದ್ದರು. ಗುಡುಗು ಅಲ್ಲಿ ಕೂತು ಎಲ್ಲವನ್ನೂ ನೋಡಿದ್ದ. ಆ ಡಾಕ್ಟರಮ್ಮ ಏನು ಕೇಳುತ್ತಿದ್ದಾಳೆ, ಯಾಕೆ ಕೇಳುತ್ತಿದ್ದಾಳೆ ಅನ್ನುವುದು ಆ ಕೋಣೆಯಲ್ಲಿ ಅವನಷ್ಟು ಚೆನ್ನಾಗಿ ಗೊತ್ತಿದ್ದ ರೋಗಿ ಇನ್ನೊಬ್ಬನಿರಲಿಲ್ಲ.

ಆದರೆ ಪರದೆಯ ಆಚೆ ಮೊಳೆಯ ಕೆಮ್ಮು ಕೇಳಿಸಿತು.

“ನೀರಾ?” ಅಂದ ಗುಡುಗು. “ಬೆಳಗ್ಗೆ ಎದ್ದು ಒಂದು ಬಕೆಟ್ ಕುಡಿದೆ. ಮಾತ್ರೆ ಅಂತ ಇವತ್ತಿನವರೆಗೂ ಕಣ್ಣಿಂದ ನೋಡಿಲ್ಲ.”

ಡಾಕ್ಟರಮ್ಮ ಅವನ ಬಾಯಿ ನೋಡಿದಳು. ತುಟಿ ಯಾಕೆ ಹೀಗೆ ಸೀಳಿದೆ ಅಂದಳು. ಬಾಮೈದ ಪ್ರೀತಿಯಿಂದ ಕೊಟ್ಟದ್ದು ಅಂದ. ಅದು ನಿಜವೂ ಆಗಿತ್ತು. ಬಾಯೊಳಗೆ ರಕ್ತ ತುಂಬಿ ನಾಲಿಗೆ ಒದ್ದೆಯಾಗಿಯೇ ಕಾಣುತ್ತಿತ್ತು. ಒಳ್ಳೆಯದಾಯಿತು, ಕಿಡ್ನಿ ಗಟ್ಟಿ ಇದ್ದರೆ ಒಂದೇ ಸಲಕ್ಕೆ ಎಲ್ಲ ನಾಳವನ್ನೂ ನೋಡಿ, ಬೇರೆ ಕಡೆ ಅಡ್ಡಿ ಇದ್ದರೆ ಅದನ್ನೂ ಮುಗಿಸಿಬಿಡುತ್ತೇನೆ ಅಂತ ಅವಳು ತನ್ನವರಿಗೆ ಹೇಳುತ್ತ ಕೈ ತೊಳೆಯಲು ಹೋದಳು.

ಅಷ್ಟರಲ್ಲಿ ನರ್ಸ್ ಮೊಣಕೈಯ ಒಳಬದಿಗೆ ಸೂಜಿ ಚುಚ್ಚಿ, ಸಲೈನ್ ಚೀಲದ ಕೊಳವೆ ಸಿಕ್ಕಿಸಿ, ನಿಧಾನಕ್ಕೆ ಬಿಟ್ಟಳು. ಗುಡುಗು ತಲೆ ಹೊರಳಿಸಿ ನೋಡಿದ. ಚೀಲದಲ್ಲಿ ಅರ್ಧ ಲೀಟರು. ಅಂದರೆ ಅರ್ಧ ಕಿಲೋ. ಎರಡು ದಿನ ಬಿಸಿಲಿನಲ್ಲಿ ಓಡಿ ಕಳೆದದ್ದನ್ನು ಈ ಹುಡುಗಿ ಅವನು ಮಲಗಿದ ಕಡೆಯೇ ತುಂಬುತ್ತಿದ್ದಾಳೆ.

ಅವನು ಸೂಜಿಯನ್ನು ಕಿತ್ತೆಸೆದ. ರಕ್ತ ಕಾರಂಜಿಯ ಹಾಗೆ ಚಿಮ್ಮಿ ಪರದೆಗೆ, ನರ್ಸಿನ ಕೆನ್ನೆಗೆ, ಚಾವಣಿಯ ಫ್ಯಾನಿಗೆ ಬಡಿಯಿತು. ಫ್ಯಾನು ಅದನ್ನು ಇಡೀ ವಾರ್ಡಿಗೆ ಹಂಚಿತು. ಅವನನ್ನು ಹಿಡಿಯಲು ಬಂದ ವಾರ್ಡಿನ ಆಳು ಬಾಗಿಲಿನಷ್ಟು ಅಗಲವಿದ್ದ. ಅವನ ದವಡೆಗೆ ಗುಡುಗು ಮಲಗಿದಲ್ಲಿಂದಲೇ ಒಂದು ಕೊಟ್ಟ, ಆಳು ಸ್ಟ್ರೆಚರಿನ ಚಕ್ರದ ಮೇಲೆ ಕೂತ. ಎರಡನೆಯವನು ಕಾಲು ಹಿಡಿದ, ಒದೆಗೆ ಹಿಂದಕ್ಕೆ ಹೋಗಿ ಔಷಧಿಯ ತಟ್ಟೆಯ ಮೇಲೆ ಬಿದ್ದ. ಸ್ಟೀಲಿನ ತಟ್ಟೆ, ಕತ್ತರಿ, ಸಿರಿಂಜು ಎಲ್ಲ ನೆಲದ ಮೇಲೆ ಕುಣಿದವು. ಡ್ರಿಪ್ಪಿನ ಕಂಬವನ್ನು ಹಿಡಿದು ಎದ್ದು ಕೂತ ಗುಡುಗು, ಹತ್ತಿರ ಬಂದವನ ತಲೆಯನ್ನು ತೆಂಗಿನಕಾಯಿ ಒಡೆದ ಹಾಗೆ ಒಡೆಯುತ್ತೇನೆ ಅಂತ ಘೋಷಿಸಿದ.

ಘೋಷಣೆ ಮುಗಿಯಲಿಲ್ಲ. ಕಂಬ ಕೈ ಜಾರಿತು. ಎದುರಿನ ಯಂತ್ರದಲ್ಲಿ ಗುಡ್ಡ ಕಣಿವೆಯ ಹಾಗೆ ಓಡುತ್ತಿದ್ದ ಗೆರೆ ಹುಳು ಬಿದ್ದ ಹಾಗೆ ಮಿಜಿಗುಡತೊಡಗಿತು. ತಾನು ದಿಂಬಿಗೆ ಬೀಳುವುದು ಅವನಿಗೇ ದೂರದಿಂದ ಕೇಳಿಸಿತು. ಯಾರೋ ಅವನ ಎದೆಯ ಮೇಲೆ ಎರಡೂ ಕೈಯೂರಿ ಕುಟ್ಟಿದರು. ಒಂದು ಎಲುಬು ಟಕ್ಕೆಂದಿತು. ಆಮೇಲೆ ಕತ್ತಲಿನ ನಡುವಿನಿಂದ ಒಂದು ಗುದ್ದು ಬಂತು. ಮಾವನ ಗುದ್ದು ಅಲ್ಲ, ಮೊಳೆಯ ಗುದ್ದು ಅಲ್ಲ, ಅವನು ಜನ್ಮದಲ್ಲಿ ತಿಂದ ಎಲ್ಲ ಗುದ್ದುಗಳೂ ಒಟ್ಟಿಗೆ ಬಂದ ಹಾಗೆ ಒಂದು ಗುದ್ದು. ಬೆನ್ನು ಬಿಲ್ಲಿನ ಹಾಗೆ ಬಾಗಿ ಹಾಸಿಗೆಯಿಂದ ಮೇಲೆದ್ದು ಮತ್ತೆ ಬಿತ್ತು. ಕೂದಲು ಸುಟ್ಟ ವಾಸನೆ.

ಕಣ್ಣು ಬಿಟ್ಟಾಗ ಡಾಕ್ಟರಮ್ಮ ಮುಖದ ಮೇಲೆ ಬಗ್ಗಿದ್ದಳು.

“ಯಾರು ಹೊಡೆದಿದ್ದು?” ಅಂದ ಗುಡುಗು.

ಕರೆಂಟು ಅಂದಳು. ಹೃದಯ ನಿಂತಿತ್ತು, ಶಾಕ್ ಕೊಟ್ಟು ಎಬ್ಬಿಸಿದ್ದೇವೆ, ಇನ್ನು ಒಂದು ಬೆರಳು ಅಲ್ಲಾಡಿಸಿದರೂ ಕಟ್ಟಿಹಾಕುತ್ತೇನೆ ಅಂದಳು. ಗುಡುಗಿಗೆ ಕೈಯೆತ್ತಲು ಶಕ್ತಿಯಿರಲಿಲ್ಲ, ಆದರೂ ಕರೆಂಟಿನ ಗುದ್ದಿಗೆ ಎದ್ದು ಕೂತವನು ಊರಿಗೆ ತಾನೊಬ್ಬನೇ ಅಂತ ಒಳಗೊಳಗೇ ಸಂತೋಷಪಟ್ಟ. ಸೂಜಿಯನ್ನು ಇನ್ನೊಂದು ಕೈಗೆ ಚುಚ್ಚಿ ಪಟ್ಟಿ ಸುತ್ತಿದರು, ಸ್ಟ್ರೆಚರು ಮುಚ್ಚಿದ ನಾಳ ತೆರೆಯುವ ಕ್ಯಾಥ್ ಲ್ಯಾಬಿನ ಕಡೆ ಓಡಿತು.

ಅದೇ ಹೊತ್ತಿಗೆ ಹೊರಗೆ, ಕೆನ್ನೆಯ ರಕ್ತ ಒರೆಸಿಕೊಳ್ಳುತ್ತ ಬಂದ ನರ್ಸ್, ನಿಮ್ಮ ಭಾವ ಮನುಷ್ಯರಾ ಮೃಗವಾ ಅಂತ ಮೊಳೆಯನ್ನು ಕೇಳಿದ್ದಳು. ಬೆಳಗ್ಗೆ ಒಂದು ಬಕೆಟ್ ನೀರು ಕುಡಿದೆ ಅಂದ ಮನುಷ್ಯ ಒಂದು ಚೀಲ ಸಲೈನಿಗೆ ಕೊಲೆಗೆ ನಿಂತನಲ್ಲ ಅಂದಳು. ಮೊಳೆ ಅವಳ ಮಾತು ಪೂರ್ತಿ ಕೇಳಲಿಲ್ಲ. ವ್ಯಾನಿನಲ್ಲಿ ಬಾಟಲಿ ಹಿಡಿದಾಗ ಭಾವ ಮುಖ ತಿರುಗಿಸಿದ್ದು ಅವನಿಗೆ ನೆನಪಾಗಿತ್ತು. ಇದೆಲ್ಲ ಗುಡುಗಿಗೆ ಗೊತ್ತಾದದ್ದು ಆಮೇಲೆ. ಆಗ ಅವನಿಗೆ ಗೊತ್ತಾದದ್ದು ಇಷ್ಟೇ: ಲ್ಯಾಬಿನ ಎರಡು ಬಾಗಿಲುಗಳ ನಡುವೆ, ಮೂಗು ಬದನೆಕಾಯಿಯಷ್ಟು ಊದಿಕೊಂಡ ಒಬ್ಬ ಉದ್ದನೆಯ ಮನುಷ್ಯ ಕೈಕಾಲು ಅಗಲಿಸಿ ನಿಂತಿದ್ದಾನೆ.

ಬಾಗಿಲಿನಷ್ಟು ಅಗಲದ ಆಳು, ದವಡೆ ಹಿಡಿದುಕೊಂಡಿದ್ದವನು, ಆ ಕುಟುಂಬದ ಮೇಲಿದ್ದ ಕೋಪವನ್ನೆಲ್ಲ ಮೊಳೆಯ ಹೊಟ್ಟೆಗೆ ಇಳಿಸಿದ. ಮೊಳೆ ಬಗ್ಗಿದ, ಆದರೆ ಜಾಗ ಬಿಡಲಿಲ್ಲ. ಇನ್ನೊಂದು ಬಿತ್ತು. ಚೌಕಟ್ಟನ್ನು ಉಗುರಿನಲ್ಲಿ ಹಿಡಿದ. ಜೀವನದಲ್ಲಿ ಮೊದಲ ಸಲ ಮೊಳೆ ತಿರುಗಿಸಿ ಹೊಡೆಯದೆ ಏಟು ತಿನ್ನುವುದನ್ನು ಗುಡುಗು ನೋಡಿದ.

“ಡಾಕ್ಟರೇ,” ಅಂದ ಮೊಳೆ, ಉಸಿರು ಸಿಕ್ಕಿದಷ್ಟರಲ್ಲಿ. “ಒಳಗೆ ಕರ್ಕೊಂಡು ಹೋಗೋ ಮುಂಚೆ ನಮ್ಮ ಭಾವನಿಗೆ ಒಂದು ಸಲ ಉಗಿಯೋಕೆ ಹೇಳಿ.”

ಎಲ್ಲರೂ ಅವನಿಗೂ ತಲೆ ಕೆಟ್ಟಿದೆ ಅಂದುಕೊಂಡರು. ಡಾಕ್ಟರಮ್ಮ ಮಾತ್ರ ಕೈಯೆತ್ತಿ ಆಳನ್ನು ತಡೆದಳು. ಮೊಳೆ ಅವಸರದಲ್ಲಿ ಹೇಳಿದ. ತೂಕಕ್ಕೆ ಒಣಗಿಸುವವರು ಕೊನೆಗೆ ಡಬ್ಬಿ ಹಿಡಿದು ಕೂತು ಉಗುಳುತ್ತಾರೆ, ಎಂಜಲಿಗೂ ತೂಕವಿದೆ ಅಂತ. ಪೂರ್ತಿ ಒಣಗಿದವನಿಗೆ ಉಗುಳಲು ಏನೂ ಬರುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಯಾರು ಎಷ್ಟು ಒಣಗಿದ್ದಾರೆ ಅಂತ ನೋಡುವುದೇ ಹಾಗೆ. ರಕ್ತ ಒರೆಸಿ ನೋಡಿ.

ನರ್ಸ್ ಹತ್ತಿಯಿಂದ ಗುಡುಗಿನ ಬಾಯಿ ಒರೆಸಿ, ಕಿಡ್ನಿಯ ಆಕಾರದ ಸ್ಟೀಲು ಬಟ್ಟಲೊಂದನ್ನು ಗಲ್ಲದ ಕೆಳಗೆ ಹಿಡಿದಳು.

ಗುಡುಗು ಉಗಿಯಲು ಹೊರಟ. ಇದೇನು ಮಹಾ. ಅವನು ಶೆಡ್ಡಿನ ಈ ತುದಿಯಲ್ಲಿ ನಿಂತು ಉಗಿದರೆ ಆ ತುದಿಯ ದೀಪ ಆರುತ್ತಿತ್ತು. ಕೆನ್ನೆ ಒಳಗೆಳೆದುಕೊಂಡ. ನಾಲಿಗೆ ಮೇಲಿನ ದವಡೆಗೆ ಅಂಟಿಕೊಂಡು, ಬಿಡಿಸಿದಾಗ ಅಂಟುಕಾಗದ ಕಿತ್ತ ಹಾಗೆ ಸದ್ದಾಯಿತು. ತುಟಿ ಮುಂದೆ ಮಾಡಿದ. ಗಾಳಿ ಬಂತು. ಮತ್ತೆ ಪ್ರಯತ್ನಿಸಿದ. ಗಾಳಿ. ಬಟ್ಟಲು ಅವನ ಗಲ್ಲದ ಕೆಳಗೆ ಹೊಳೆಯುತ್ತ ಖಾಲಿ ಕೂತಿತ್ತು. ಅವನಿಂದ ಹೊಡೆತ ತಿಂದ ಆಳು ಕೂಡ ನೆಲ ನೋಡಿದ.

“ಗೆದ್ದೆ ಅಂದ್ಕೋ ಭಾವ,” ಅಂದ ಮೊಳೆ. ಅವನ ಮೂಗಿನಿಂದ ರಕ್ತ ಇನ್ನೂ ಇಳಿಯುತ್ತಿತ್ತು, ಅಥವಾ ಅದು ರಕ್ತ ಮಾತ್ರ ಆಗಿರಲಿಲ್ಲ. “ಶೆಡ್ಡು ನೀನೇ ಇಟ್ಕೋ. ಅಪ್ಪನ ಜೊತೆ ಮೂರು ವರ್ಷ ಆ ಯಂತ್ರದ ಹತ್ರ ಕೂತಿದ್ದೀನಿ. ಅಕ್ಕನ್ನ ಕರ್ಕೊಂಡು ಮತ್ತೆ ಅಲ್ಲಿಗೆ ಹೋಗೋಕೆ ನನ್ ಕೈಲಾಗಲ್ಲ.”

ಗುಡುಗು ಚಾವಣಿ ನೋಡಿದ. ಹೇಳಲು ಅವನ ಹತ್ತಿರ ಕಥೆಗಳಿರಲಿಲ್ಲವೇ? ಬಾಯಿ ಒಣಗಿದ್ದು ಭಯಕ್ಕೆ ಅನ್ನಬಹುದಿತ್ತು, ಕರೆಂಟಿಗೆ ಅನ್ನಬಹುದಿತ್ತು, ಆ ಬಕೆಟ್ ನೀರು ಕರೆಂಟಿನ ಏಟಿಗೆ ಆವಿಯಾಯಿತು ಅಂದಿದ್ದರೂ ಅವನ ಶಿಷ್ಯರು ಎದ್ದು ಹೋಗುತ್ತಿರಲಿಲ್ಲ. ಎಡಗೈ ಮತ್ತೆ ಭಾರವಾಗುತ್ತಿತ್ತು. ಪಕ್ಕೆಲುಬಿನ ಹಿಂದೆ ಕೂತವನು ಸುತ್ತಿಗೆ ಎತ್ತಿಕೊಳ್ಳುತ್ತಿದ್ದ.

ಡಾಕ್ಟರಮ್ಮ ಕುರ್ಚಿ ಎಳೆದುಕೊಳ್ಳಲಿಲ್ಲ. ನಿಂತೇ, ಮೊದಲು ಕೇಳಿದ್ದನ್ನೇ ಕೇಳಿದಳು. ನೀರು ಯಾವಾಗ ಕುಡಿದದ್ದು?

“ಶುಕ್ರವಾರ ಬೆಳಗ್ಗೆ,” ಅಂದ ಗುಡುಗು.

ಮಾತ್ರೆ?

“ಮೂತ್ರ ಹೋಗೋದು. ದಿನಕ್ಕೆ ನಾಲ್ಕು. ನೋವಿಂದು ಲೆಕ್ಕ ಇಟ್ಟಿಲ್ಲ. ಒಂದು ಪಟ್ಟಿ ಮುಗ್ದು ಇನ್ನೊಂದು ಶುರು ಮಾಡಿದ್ದೆ.”

ಕೊನೆಯ ಸಲ ಮೂತ್ರ ಹೋದದ್ದು?

ಅವನು ಯೋಚಿಸಿದ. ನಿನ್ನೆ ಮಧ್ಯಾಹ್ನ ಅಂದ. ಕಷಾಯದ ಬಣ್ಣದಲ್ಲಿ, ಒಂದು ಚಮಚದಷ್ಟು. ಆಮೇಲೆ ಮಾತ್ರೆ ನುಂಗಿದರೂ ಏನೂ ಬರಲಿಲ್ಲ.

ಡಾಕ್ಟರಮ್ಮ ಅವನ ಎದೆಗೆ ಸ್ಟೆತ್ ಇಟ್ಟು, ಬೆನ್ನಿನ ಕಡೆಯಿಂದಲೂ ಉಸಿರು ಕೇಳಿ, ಶ್ವಾಸಕೋಶದಲ್ಲಿ ನೀರಿಲ್ಲ ಅಂದಳು. ಆಮೇಲೆ ಅವಳ ಮಾತುಗಳು ಗುದ್ದುಗಳ ಹಾಗೆ ಒಂದರ ಹಿಂದೊಂದು ಬಿದ್ದವು. ಸಲೈನ್ ಪೂರ್ತಿ ಬಿಡಿ, ಇನ್ನೊಂದು ಚೀಲ ತಂದಿಡಿ, ಉಸಿರಿನ ಮೇಲೆ ಕಣ್ಣಿಡಿ. ಮೂತ್ರಕ್ಕೆ ಕೊಳವೆ ಹಾಕಿ, ಎಷ್ಟು ಬರುತ್ತದೆ ನನಗೆ ಹೇಳುತ್ತಿರಿ. ನೋವಿನ ಮಾತ್ರೆ, ಮೂತ್ರದ ಮಾತ್ರೆ ಬಂದ್. ಡೈ ಸಣ್ಣ ಸಿರಿಂಜಿನಲ್ಲಿ, ಹನಿ ಲೆಕ್ಕದಲ್ಲಿ. ಕೊಲ್ಲುತ್ತಿರುವ ಒಂದು ನಾಳ ಮಾತ್ರ ತೆರೆಯುತ್ತೇನೆ. ಬೇರೆ ಏನೇ ಕಂಡರೂ ಇವತ್ತು ಮುಟ್ಟುವುದಿಲ್ಲ, ಇನ್ನಷ್ಟು ಡೈ ಬೇಡುವ ಹೃದಯದ ಒಳಗಿನ ಚಿತ್ರವನ್ನೂ ತೆಗೆಯುವುದಿಲ್ಲ, ಕಿಡ್ನಿ ಎದ್ದು ಕೂತ ಮೇಲೆ ನೋಡೋಣ. ನರ್ಸ್ ಕೊಳವೆಯ ತಿರುಪು ಬಿಟ್ಟಳು. ತಣ್ಣನೆಯದೊಂದು ಗೆರೆ ಕೈಯಿಂದ ಭುಜಕ್ಕೆ ಹತ್ತಿತು. ಗುಡುಗಿಗೆ ಯಾಕೋ ಅಳು ಬಂತು, ಅಳಲೂ ಕಣ್ಣಿನಲ್ಲಿ ನೀರಿರಲಿಲ್ಲ.

“ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?” ಅಂದಳು ಡಾಕ್ಟರಮ್ಮ. “ಈಗಲೇ ಹೇಳಿ.”

ಮೊಳೆ ಬಾಗಿಲಿನಿಂದ ಪಕ್ಕಕ್ಕೆ ಸರಿದಿದ್ದ. ಸ್ಟ್ರೆಚರು ಅವನ ಪಕ್ಕ ಹಾದು ಹೋಗುವಾಗ ಗುಡುಗು ಸೂಜಿಯಿಲ್ಲದ ಕೈ ಚಾಚಿ ಬಾಮೈದನ ಬೆರಳು ಹಿಡಿದ. ಸ್ಟ್ರೆಚರು ನಿಂತಿತು.

“ಬೆಳಗ್ಗೆ ಗುಜರಿಯವನು ಬರೋಕೆ ಮುಂಚೆ ಅವನ ಅಂಗಡಿಗೆ ಹೋಗಿ ಕದ್ದು ತೂಕ ನೋಡ್ಕೊಂಡೆ ಕಣೋ,” ಅಂದ. “ಇಷ್ಟೆಲ್ಲ ಒಣಗಿಸಿದ ಮೇಲೂ ಇನ್ನೂ ಮೂರು ಕಿಲೋ ಜಾಸ್ತಿ ಇದ್ದೆ. ನೀನು ಏನೂ ಅವಮಾನ ಮಾಡಿರಲಿಲ್ಲ. ತಕ್ಕಡಿ ಹತ್ತಬಾರದು ಅಂತಲೇ ನಿನ್ನ ಮೂಗು ಮುರಿದೆ.”